ಜುಲೈ ಯಾಕೆ ಬಿಸಿ?

13 ಅಕ್ಟೋಬರ್ 2024, ಭಾನುವಾರ

"ದೊಡ್ಡಪ್ಪ, ಬೆಂಗಳೂರಲ್ಲಿ ಜುಲೈ ತಿಂಗಳು ಬಿಸಿ ಅಂತ ಬರ್ತಿದೆ. ಎಲ್ಲೋ ತಪ್ಪು ಮಾಡಿದೀನಿ."

ಬೆಳಿಗ್ಗೆ ಪುಟ್ಟಿ ಫೋನ್ ಮಾಡಿ ಕೇಳಿದ್ದು ಇಷ್ಟೇ. ಕಾಲೇಜಿನಲ್ಲಿ ಮಹೋನಿ ಕೋಷ್ಟಕ, ಅಂದರೆ ಊರಿನ ಹವೆಯ ಅಂಕಿಗಳಿಂದ ಅಲ್ಲಿನ ಮನೆ ಹೇಗಿರಬೇಕು ಎಂದು ಹೇಳುವ ಕೋಷ್ಟಕ, ತುಂಬಿಸಿಕೊಂಡು ಬನ್ನಿ ಅಂದಿದ್ದಾರಂತೆ. ಜುಲೈಯಲ್ಲಿ ಸ್ವೆಟರ್ ಹುಡುಕುವ ಊರಿಗೆ ಲೆಕ್ಕ "ಬಿಸಿ" ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಫೋನ್ ಇಟ್ಟ ಮೇಲೆ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಅಕ್ಟೋಬರ್ 13. ಆ ಕೋಷ್ಟಕವನ್ನು ಕಾರ್ಲ್ ಮಹೋನಿ, ಮಾರ್ಟಿನ್ ಇವಾನ್ಸ್ ಜೊತೆ ಸೇರಿ ರೂಪಿಸಿದ ವಾಸ್ತುಶಿಲ್ಪಿ ಓಟೊ ಕ್ಯೋನಿಗ್ಸ್‌ಬರ್ಗರ್ ಬರ್ಲಿನ್ನಿನಲ್ಲಿ ಹುಟ್ಟಿದ್ದು 1908ರ ಇದೇ ದಿನ.

ಪುಟ್ಟಿಯ ಲೆಕ್ಕದಲ್ಲಿ ತಪ್ಪಿಲ್ಲ. ಜುಲೈಯ ಸರಾಸರಿ ಗರಿಷ್ಠ ಸುಮಾರು 28 ಡಿಗ್ರಿ. ಏಪ್ರಿಲಿನ ಮುಂದೆ ಅದು ಏನೂ ಅಲ್ಲ. ಆದರೆ ಜುಲೈಯಲ್ಲಿ ಬೆಳಗಿನ ತೇವಾಂಶ ಶೇಕಡಾ 85ರ ಆಸುಪಾಸು, ಸಂಜೆಯದು 70ರ ಹತ್ತಿರ. ಎರಡರ ಸರಾಸರಿ 70 ದಾಟಿದರೆ ಆ ತಿಂಗಳು ನಾಲ್ಕನೇ ತೇವಾಂಶ ಗುಂಪಿಗೆ ಸೇರುತ್ತದೆ. ವರ್ಷದ ಸರಾಸರಿ 20 ಡಿಗ್ರಿ ಮೀರಿದ ಊರುಗಳಲ್ಲಿ ಈ ಗುಂಪಿಗೆ ಹಗಲಿನ ಹಿತದ ಮಿತಿ 22ರಿಂದ 27. ಜುಲೈಯ 28 ಅದನ್ನು ದಾಟುತ್ತದೆ, ಅದಕ್ಕೇ "ಬಿಸಿ". ತೇವಾಂಶ 30ಕ್ಕಿಂತ ಕಡಿಮೆ ಇರುವ ಒಂದನೇ ಗುಂಪಿಗೆ ಅದೇ ಮಿತಿ 26ರಿಂದ 34. ಒಣಗಾಳಿಯಲ್ಲಿ ಬೆವರು ಬೇಗ ಆರಿ ಮೈ ತಣಿಯುತ್ತದೆ, ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಆರುವುದಿಲ್ಲ. ಸ್ವೆಟರ್ ಬೇಕಾಗುವುದು ಹೊರಗೆ, ಜಿಟಿಜಿಟಿ ಮಳೆಯ ಗಾಳಿಗೆ. ಕೋಷ್ಟಕ ಕೇಳುವುದು ಮಧ್ಯಾಹ್ನ ಮೂರು ಗಂಟೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಹದಿನೈದು ಜನ ಕೂತರೆ ಹೇಗಿರುತ್ತದೆ ಅನ್ನುವುದನ್ನು. ಆ ಕೋಣೆಗೆ ಎದುರುಬದುರು ಕಿಟಕಿ ಬೇಕು. "ಬಿಸಿ" ಅನ್ನುವ ಪದದ ಅರ್ಥ ಅಲ್ಲಿ ಅಷ್ಟೇ.

ಅವಳಿಗೆ ಇನ್ನೆರಡು ವಿಷಯ ಹೇಳಿದೆ, ಮೊದಲ ಸಲ ತುಂಬಿಸುವವರು ಎಡವುವುದು ಅಲ್ಲೇ. ಗರಿಷ್ಠ ಅಂದರೆ ಆ ತಿಂಗಳು ದಾಖಲಾದ ಅತಿ ಹೆಚ್ಚು ತಾಪ ಅಲ್ಲ, ದಿನದಿನದ ಗರಿಷ್ಠಗಳ ಸರಾಸರಿ. ದಾಖಲೆಯ ಅಂಕಿ ಹಾಕಿದರೆ ಬಹುಪಾಲು ತಿಂಗಳುಗಳೂ ಬಿಸಿಯಾಗಿ ಕೂರುತ್ತವೆ. ಮತ್ತೆ, ಒಂದು ವರ್ಷದ ಅಂಕಿ ಸಾಲದು, ಹವಾಮಾನ ಇಲಾಖೆಯ 30 ವರ್ಷದ ಸರಾಸರಿಯೇ ಬೇಕು. ತಿಂಗಳಿಗೆ 200 ಮಿಲಿಮೀಟರ್ ದಾಟಿದರೆ ಮಳೆಗೆ ವಿಶೇಷ ರಕ್ಷಣೆ ಅನ್ನುತ್ತದೆ ಕೋಷ್ಟಕ. ನಮ್ಮಲ್ಲಿ ಆ ಗೆರೆ ದಾಟುವುದು ಸೆಪ್ಟೆಂಬರ್ ಒಂದೇ. ಮಳೆ ಹೊಯ್ದ ಒಂದೇ ವರ್ಷದ ಅಂಕಿ ಹಿಡಿದು ಕೂತರೆ ಮೂರು ತಿಂಗಳಿಗೆ ಗುರುತು ಬೀಳುತ್ತದೆ.

ಬೆಂಗಳೂರಿನ ಏಪ್ರಿಲಿನ ಗರಿಷ್ಠ ಸುಮಾರು 34, ಜನವರಿಯ ಕನಿಷ್ಠ ಸುಮಾರು 16. ಕೂಡಿ ಅರ್ಧ ಮಾಡಿದರೆ 25, ಅದು ವರ್ಷದ ಸರಾಸರಿ. ಕಳೆದರೆ 18, ಅದು ವರ್ಷದ ಏರಿಳಿತ. ಇಷ್ಟು ಸಣ್ಣ ಕೂಡು-ಕಳೆಯಿಂದ ಶುರುವಾಗಿ, ಗೋಡೆ ದಪ್ಪ ಇರಬೇಕೋ ತೆಳು ಇರಬೇಕೋ, ಕಿಟಕಿ ಗೋಡೆಯ ಶೇಕಡಾ 20ರಿಂದ 40 ಸಾಕೋ 80ರವರೆಗೆ ಬೇಕೋ, ಮನೆಯ ಉದ್ದ ಪೂರ್ವ-ಪಶ್ಚಿಮಕ್ಕೆ ಮಲಗಬೇಕೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕಂಪ್ಯೂಟರ್ ಬೇಡ. ಪೆನ್ಸಿಲ್ ಸಾಕು. ವಿಶ್ವಸಂಸ್ಥೆ ಇದನ್ನು 1971ರಲ್ಲಿ ಅಚ್ಚು ಹಾಕಿಸಿತು. ಜಿಲ್ಲಾ ಕಚೇರಿಯ ಇಂಜಿನಿಯರ್ ಕೂಡ ಮಾಡಬಲ್ಲ ಕೆಲಸ ಇದು.

ಇದನ್ನು ಮಾಡಿದ ಮನುಷ್ಯನಿಗೆ ತನ್ನ ಊರೇ ಇಲ್ಲವಾಗಿತ್ತು.

1933ರ ಏಪ್ರಿಲ್‌ನಲ್ಲಿ ಜರ್ಮನಿಯಲ್ಲಿ ಯಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ಹೊರಹಾಕುವ ಕಾನೂನು ಬಂದಾಗ ಕ್ಯೋನಿಗ್ಸ್‌ಬರ್ಗರ್ ಅವರಿಗೆ 24 ವರ್ಷ. ವಾಸ್ತುಶಿಲ್ಪಕ್ಕೆ ಕೊಡುವ ಷಿಂಕೆಲ್ ಪ್ರಶಸ್ತಿ ಬಂದಿದ್ದೂ ಅದೇ ವರ್ಷ. ಈಜಿಪ್ಟಿಗೆ ಹೋದರು, ಪುರಾತತ್ವ ತಜ್ಞ ಲುಡ್ವಿಗ್ ಬೋರ್ಕಾರ್ಟ್ ಬಳಿ ಕೆಲಸ ಮಾಡಿದರು. ಅಲ್ಲಿಂದ ಹುಟ್ಟಿದ ಅವರ ಪ್ರಬಂಧದ ವಿಷಯ ಪ್ರಾಚೀನ ಈಜಿಪ್ಟಿನ ಬಾಗಿಲುಗಳನ್ನು ಹೇಗೆ ಕಟ್ಟುತ್ತಿದ್ದರು ಎಂಬುದು. ಅದು ಕೀಲು (ಹಿಂಜ್) ಇಲ್ಲದ ಬಾಗಿಲು. ಅಂಚಿನ ಹಲಗೆಯ ಮೇಲ್ತುದಿಗೂ ಕೆಳತುದಿಗೂ ಗೂಟ, ಕೆಳಗಿನದು ಹೊಸ್ತಿಲ ಕಲ್ಲಿನ ಗುಳಿಯಲ್ಲಿ ಕೂತು ತಿರುಗುತ್ತದೆ. ನಮ್ಮ ಹಳೆ ಮನೆಗಳ ಬಾಗಿಲೂ ಹೀಗೇ. ಇಡೀ ಭಾರ ಕೆಳಗಿನ ಗೂಟದ ಮೇಲೆ ಬೀಳುವುದರಿಂದ ಮೊದಲು ಸವೆಯುವುದು ಅದೇ, ಅದಕ್ಕೇ ಕಂಚಿನ ಹೊದಿಕೆ ಹಾಕುತ್ತಿದ್ದರು. ಮನೆ ಕಳೆದುಕೊಂಡ ಹುಡುಗ ಬಾಗಿಲು ಹೇಗೆ ನಿಲ್ಲುತ್ತದೆ ಎಂದು ವರ್ಷಗಟ್ಟಲೆ ಅಳೆದು ಬರೆದಿದ್ದನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಬೆಂಗಳೂರಿಗೆ ಬಂದದ್ದು 1939ರಲ್ಲಿ. ದಾರಿ ಮಾಡಿದ್ದು ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಬಾರ್ನ್ ಕೂಡ ಗಾಟಿಂಗೆನ್ ಬಿಡಬೇಕಾಗಿ ಬಂದವರೇ. ಸಿ. ವಿ. ರಾಮನ್ ಕರೆದಿದ್ದಕ್ಕೆ 1935-36ರಲ್ಲಿ ಕೆಲವು ತಿಂಗಳು ಇಲ್ಲಿನ ವಿಜ್ಞಾನ ಸಂಸ್ಥೆಯಲ್ಲಿದ್ದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯವಿತ್ತು. ಹಾಗೆ ಸೋದರಳಿಯ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರದ್ದು. ವಿಜ್ಞಾನ ಸಂಸ್ಥೆಯ ಊಟದ ಹಾಲ್ ಮತ್ತು ಸಭಾಂಗಣ, ವಿಮಾನ ವಿಭಾಗ, ಲೋಹಶಾಸ್ತ್ರ ವಿಭಾಗ ಅವರದ್ದೇ. ಆ ಮಂಟಪದ ಸುತ್ತ ದಿನಾ ನಡೆಯುವವರಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದಾರೆ?

1948ರಲ್ಲಿ ದೆಹಲಿಗೆ, ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ. ಭುವನೇಶ್ವರದ ನಕ್ಷೆ ಅವರದ್ದು. ದೇಶ ಒಡೆದು ಲಕ್ಷಾಂತರ ಜನ ಬೀದಿಗೆ ಬಿದ್ದಿದ್ದ ಕಾಲ ಅದು. ಅವರಿಗಾಗಿ ಎದ್ದ ಗಾಂಧಿಧಾಮ, ಫರೀದಾಬಾದ್ ಮೊದಲಾದ ಊರುಗಳ ಕೆಲಸದಲ್ಲಿ ಅವರ ಕೈಯಿತ್ತು.

ಸೋತದ್ದೂ ದೆಹಲಿಯಲ್ಲೇ, ಅದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಗೋಡೆಗಳನ್ನು ಕಾರ್ಖಾನೆಯಲ್ಲೇ ಎರಕ ಹೊಯ್ದು ಸೈಟಿಗೆ ಸಾಗಿಸಿ ಜೋಡಿಸುವ ಸರ್ಕಾರಿ ಯೋಜನೆ. ಹಗುರ ಕಾಂಕ್ರೀಟಿನ ಫಲಕಗಳು ಬಿರುಕು ಬಿಟ್ಟವು, ಟೀಕೆಗಳ ಸುರಿಮಳೆಯಾಯಿತು, ಅವರು 1951ರಲ್ಲಿ ಲಂಡನ್ನಿಗೆ ಹೊರಟರು. ಈ ಬಗೆಯ ಫಲಕದ ಕಷ್ಟ ಇವತ್ತಿಗೂ ಅದೇ. ಒಳಗೆ ಗಾಳಿಗುಳ್ಳೆ ತುಂಬಿರುವುದರಿಂದ ಅದು ಒತ್ತಡ ಸ್ವಲ್ಪ ತಡೆದೀತು, ಎಳೆತ ತಡೆಯುವುದಿಲ್ಲ. ಮಲಗಿಸಿ ಎತ್ತಿದರೆ ನಡುವೆ ಬಾಗಿ ಸೀಳುತ್ತದೆ, ಆದ್ದರಿಂದ ನಿಲ್ಲಿಸಿಯೇ ಸಾಗಿಸಬೇಕು. ಪೂರ್ತಿ ಹದವಾಗುವ ಮೊದಲೇ ಜೋಡಿಸಿದರೆ ಮುಂದೆ ಒಣಗುತ್ತಾ ಕುಗ್ಗಿ ಸಂದು ಬಾಯಿಬಿಡುತ್ತದೆ, ಮಳೆ ನೀರು ಅಲ್ಲಿಂದಲೇ ಒಳಗಿಳಿಯುತ್ತದೆ.

ಆಮೇಲೆ ಅವರು ಮಾಡಿದ್ದು ನೋಡಿ. 1954-55ರಲ್ಲಿ ವಿಶ್ವಸಂಸ್ಥೆಯ ಪರವಾಗಿ ವಸತಿ ತಜ್ಞ ಚಾರ್ಲ್ಸ್ ಏಬ್ರಮ್ಸ್, ಇಂಜಿನಿಯರ್ ವ್ಲಾಡಿಮಿರ್ ಬೊಡಿಯಾನ್ಸ್ಕಿ ಜೊತೆ ಈಗಿನ ಘಾನಾ ದೇಶಕ್ಕೆ ಹೋದರು. ಅಲ್ಲಿ ಜನ ಮಣ್ಣಿನ ಗೋಡೆ ತಾವೇ ಎಬ್ಬಿಸಬಲ್ಲರು. ಆದರೆ ತಗಡು, ಮರ, ಮೊಳೆಗೆ ರೊಕ್ಕ ಬೇಕು. ಛಾವಣಿ ತಡವಾದರೆ ಒಂದೇ ಮಳೆಗಾಲದಲ್ಲಿ ಗೋಡೆ ಕರಗಿ ಮಣ್ಣಾಗುತ್ತದೆ. ಹಾಗಾಗಿ ಪೂರ್ತಿ ಮನೆಗೆ ಸಾಲ ಬೇಡ, ಊರಿನ ವಸತಿ ಸಂಘದ ಮೂಲಕ ಛಾವಣಿಗೆ, ಬಾಗಿಲು ಕಿಟಕಿಗೆ ಮಾತ್ರ ಸಾಲ ಕೊಡಿ ಎಂದರು ಆ ಮೂವರು. ಗೋಡೆ ಎದ್ದ ಮೇಲಷ್ಟೇ ಹಣ. ಕಾರ್ಖಾನೆಯಿಂದ ಗೋಡೆ ತರಲು ಹೊರಟಿದ್ದವರು ಗೋಡೆಯನ್ನು ಜನರ ಕೈಗೇ ಬಿಟ್ಟರು. ಇಷ್ಟು ದೂರ ನಡೆದು ಬರಲು ಮನಸ್ಸು ದೊಡ್ಡದಿರಬೇಕು.

1957ರಿಂದ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರಾಗಿ ಪಾಠ ಹೇಳಿದರು. ಏಷ್ಯಾ, ಆಫ್ರಿಕಾಗಳಿಂದ ಬಂದ ವಿದ್ಯಾರ್ಥಿಗಳು. ಆ ವಿಭಾಗ 1971ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋಯಿತು. ಅವರು ತೀರಿಕೊಂಡದ್ದು 1999ರ ಜನವರಿ, 90 ತುಂಬಿದ ಮೇಲೆ.

ಸಂಜೆ ಪಡುವಣ ಬಿಸಿಲು ಎದುರು ಕಟ್ಟಡದ ಗಾಜಿಗೆ ಹೊಡೆಯುತ್ತಿತ್ತು. ಐದು ಮಹಡಿ, ಪಶ್ಚಿಮಕ್ಕೆ ಪೂರ್ತಿ ಗಾಜು, ಪ್ರತಿ ಕಿಟಕಿಯ ಮೇಲೆ ಎರಡಡಿ ಸಜ್ಜಾ. ಸಿಟ್ಟು ಬಂತು. ಲೆಕ್ಕ ಹಾಕಲು ಎಷ್ಟು ಹೊತ್ತು ಬೇಕು? ಬೆಂಗಳೂರು 13ನೇ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣಕ್ಕೆ ಸುಮಾರು 53 ಡಿಗ್ರಿ ಎತ್ತರದಲ್ಲಿ. ನಾಲ್ಕಡಿ ಎತ್ತರದ ದಕ್ಷಿಣದ ಕಿಟಕಿಗೆ ಪೂರ್ತಿ ನೆರಳಿಗೆ ಮೂರಡಿ ಸಜ್ಜಾ ಬೇಕು, ಎರಡಡಿ ಇದ್ದರೂ ನಡೆಯುತ್ತದೆ, ಚಳಿಗಾಲದ ಬಿಸಿಲು ಸ್ವಲ್ಪ ಬರಲಿ. ಉತ್ತರಕ್ಕೆ ಜೂನ್ ನಡುಹಗಲಿಗೆ ಒಂಬತ್ತು ಇಂಚು ಸಾಕು. ಪಶ್ಚಿಮದ ಕಥೆಯೇ ಬೇರೆ. ಏಪ್ರಿಲ್ ನಡುವೆ ನಾಲ್ಕು ಗಂಟೆ ಇಪ್ಪತ್ತು ನಿಮಿಷದ ಹೊತ್ತಿಗೆ ಸೂರ್ಯ 31 ಡಿಗ್ರಿಗೆ ಇಳಿದಿರುತ್ತಾನೆ, ಅದೇ ನಾಲ್ಕಡಿ ಕಿಟಕಿಗೆ ಆರೂವರೆ ಅಡಿ ಸಜ್ಜಾ ಬೇಕು. ಅಷ್ಟು ಉದ್ದ ಯಾರೂ ಚಾಚುವುದಿಲ್ಲ. ಹೊರಗಡೆ ಜಾಲಂಧ್ರವೋ ನಿಲುವು ಪಟ್ಟಿಯೋ ಹಾಕಬೇಕು, ಇಲ್ಲವೇ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆಗಳನ್ನು ಆ ಕಡೆ ತಳ್ಳಬೇಕು. ಒಳಗಡೆ ಪರದೆ ಹಾಕುವುದು ಬಿಸಿಲು ಒಳಗೆ ಬಂದು ಕೂತ ಮೇಲೆ ಬಾಗಿಲು ಹಾಕಿದ ಹಾಗೆ.

ರಾತ್ರಿ ಪುಟ್ಟಿಯ ಮೆಸೇಜ್. "ಡಿಸೆಂಬರ್ ವ್ಯತ್ಯಾಸ 10.5 ಬಂತು. ಸೇರಿಸಿದ್ರೆ ಆರು ತಿಂಗಳು. ಹಾಗಾದ್ರೆ ಭಾರದ ಛಾವಣಿ ಅಲ್ವಾ ದೊಡ್ಡಪ್ಪ?"

ನಮ್ಮೂರು ಕೂತಿರುವುದು ಸರಿಯಾಗಿ ಅಂಚಿನ ಮೇಲೆ. ತೇವಾಂಶ ಮೂರನೇ ಗುಂಪು ಮೀರದೆ, ಹಗಲು-ರಾತ್ರಿ ವ್ಯತ್ಯಾಸ 10 ಡಿಗ್ರಿ ಮೀರಿದ ತಿಂಗಳುಗಳು ಐದಾದರೆ ಶಾಖ ತಡೆಯುವ ಹಗುರ ಛಾವಣಿ, ಆರಾದರೆ ಎಂಟು ಗಂಟೆಗಿಂತ ಹೆಚ್ಚು ಹೊತ್ತು ಶಾಖವನ್ನು ತಡೆದಿಟ್ಟುಕೊಳ್ಳುವ ಭಾರದ ಛಾವಣಿ. ಅರ್ಧ ಡಿಗ್ರಿಯ ಮೇಲೆ ಇಡೀ ತಾರಸಿ ನಿಂತಿದೆ. ಅವಳು ನವೆಂಬರಿನ ತೇವಾಂಶ ಎಷ್ಟು ಹಿಡಿದಿದ್ದಾಳೆ, 70ರ ಈಚೆಯೋ ಆಚೆಯೋ, ನಾಳೆ ಬೆಳಿಗ್ಗೆ ಮೊದಲು ಅದನ್ನು ಕೇಳಬೇಕು.