ತಾಮ್ರಕ್ಕೆ ಹಿಡಿದ ಹಸಿರು

ಧಾರವಾಡದ ಮಳೆ ಇಂದು ಬೆಳಿಗ್ಗೆ ತುಸು ಬಿಡುವು ಕೊಟ್ಟಿತು. ತಾರಸಿ ಹತ್ತಿ ನಮ್ಮ ಹ್ಯಾಮ್ (ಹವ್ಯಾಸಿ) ರೇಡಿಯೊ ರಿಪೀಟರ್‌ನ ಆಂಟೆನಾ ಕೇಬಲ್ ಬಿಚ್ಚಿದೆ. ಕನೆಕ್ಟರ್ ತಿರುಗಿಸುತ್ತಲೇ ಒಂದು ಹನಿ ನೀರು ಅಂಗೈಗೆ ಬಿತ್ತು. ಒಳಗಿನ ತಾಮ್ರದ ಹೆಣಿಗೆಗೆ ಹಸಿರು ಹಿಡಿದಿದೆ, ಹುಣಸೆಹಣ್ಣು ಕಾಣದ ಹಳೆಯ ತಂಬಿಗೆಯಂತೆ.

ನವಲಗುಂದದ ಗೆಳೆಯರ ದನಿ ಕೊರಕೊರ ಎನ್ನುತ್ತಿದ್ದುದು ಇದಕ್ಕೇ. ನಮ್ಮ ಮಳೆ ಸುರಿಯುವುದಕ್ಕಿಂತ ಜಿನುಗುವುದೇ ಹೆಚ್ಚು. ಕನೆಕ್ಟರ್‌ಗೆ ಸುತ್ತಿದ ಟೇಪಿನ ಅಂಚು ಎಲ್ಲಿ ಎದ್ದಿದೆ ಎಂದು ಹುಡುಕಿಕೊಂಡು ಬರುತ್ತದೆ.

ರಿಪೀಟರ್ ಮಾಡುವುದು ಇಷ್ಟೇ: ಕೈಯಲ್ಲಿನ ಸಣ್ಣ ಸೆಟ್‌ನ ಕ್ಷೀಣ ದನಿಯನ್ನು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ, ಅದೇ ಕ್ಷಣ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ಎರಡು ಮೀಟರ್ ಬ್ಯಾಂಡಿನಲ್ಲಿ (ಅಲೆಯ ಉದ್ದ ಸುಮಾರು ಎರಡು ಮೀಟರ್ ಇರುವ ಫ್ರೀಕ್ವೆನ್ಸಿಗಳ ಗುಂಪು) ಇವೆರಡರ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಮಾತ್ರ. ಆಂಟೆನಾ ಒಂದೇ. ತನ್ನ ಕೂಗಿಗೆ ತಾನೇ ಕಿವುಡಾಗದಂತೆ ಕಾಯುವುದು ಎರಡು ಫ್ರೀಕ್ವೆನ್ಸಿಗಳನ್ನು ಬೇರ್ಪಡಿಸುವ ಡ್ಯುಪ್ಲೆಕ್ಸರ್‌ನ ಡಬ್ಬಿಗಳು.

ಕೇಳುತ್ತಲೇ ಮಾತನಾಡುವ ವಿದ್ಯೆ! ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತರೆ ಎಲ್ಲರೂ ಒಟ್ಟಿಗೆ ಮಾತನಾಡುತ್ತಾರೆ, ಡ್ಯುಪ್ಲೆಕ್ಸರ್ ಮಾತ್ರ ಯಾರಿಗೂ ಇಲ್ಲ. (ನನಗೂ ಇಲ್ಲ ಎಂದು ಮನೆಯವರ ಅಭಿಪ್ರಾಯ.)

ಕೊಳೆತ ತುದಿ ಕತ್ತರಿಸಿ ಹೊಸ ಕನೆಕ್ಟರ್‌ಗೆ ಬೆಸುಗೆ ಹಾಕಿದೆ. ರಬ್ಬರ್ ಟೇಪನ್ನು ಎಳೆದೆಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಿದರೆ ನೀರಿಗೆ ದಾರಿಯಿಲ್ಲ. ಗೋಡೆಯ ತೂತಿಗೆ ಮುಂಚೆ ಕೇಬಲನ್ನು ತುಸು ಇಳಿಬಿಟ್ಟೆ, ಹನಿಗಳು ಅಲ್ಲೇ ತೊಟ್ಟಿಕ್ಕಿಕೊಳ್ಳಲಿ ಎಂದು.

ಸಂಜೆ ನವಲಗುಂದದವರು ಸ್ಪಷ್ಟವಾಗಿ ಬಂದರು. ಸಿಗ್ನಲ್ ಬಗ್ಗೆ ಎರಡೇ ಮಾತು, ಉಳಿದದ್ದೆಲ್ಲ ಹೆಸರಿನ ಬೆಳೆಗೆ ಬಿದ್ದ ಹಳದಿ ರೋಗದ್ದು.