ಶೆಡ್ಡಿನೊಳಗಿನ ನವಿಲುಗಣ್ಣು

14 ಏಪ್ರಿಲ್ 2024, ಭಾನುವಾರ
ಉಪ್ಸಾಲಾ, ಸ್ವೀಡನ್

ಚಳಿಗಾಲ ಕಳೆದು ಮಿಕ್ಕ ಕಟ್ಟಿಗೆಯನ್ನು ಒಪ್ಪವಾಗಿ ಒಟ್ಟೋಣವೆಂದು ಇಂದು ಬೆಳಿಗ್ಗೆ ಹಿತ್ತಲ ಶೆಡ್ಡಿನ ಬಾಗಿಲು ತೆಗೆದವನು, ಗೋಡೆಯ ಹಲಗೆಗೆ ಅಂಟಿಕೊಂಡಿದ್ದ ಕರಕಲು ಎಲೆಯಂಥ ಚೂರೊಂದನ್ನು ಕಸವೆಂದು ಬಗೆದು ಬೆರಳಿನಿಂದ ಕೆದಕಿದೆ. ಎಲೆ ಥಟ್ಟನೆ ತೆರೆದುಕೊಂಡಿತು. ಇಟ್ಟಿಗೆಗೆಂಪು ರೆಕ್ಕೆಗಳ ಮೇಲೆ ನಾಲ್ಕು ಕಣ್ಣುಗಳು, ಜೊತೆಗೆ ಒಣ ಕಾಗದ ಉಜ್ಜಿದಂಥ ಸಣ್ಣ ಬುಸುಗುಟ್ಟುವಿಕೆ. ನನ್ನ ಕೈ ತಾನಾಗಿಯೇ ಹಿಂದೆ ಸರಿಯಿತು.

ಸ್ವೀಡಿಷ್ ಭಾಷೆಯಲ್ಲಿ ಈ ಚಿಟ್ಟೆಯ ಹೆಸರಿನ ಅರ್ಥವೇ ‘ನವಿಲುಗಣ್ಣು’. ಮುಂರೆಕ್ಕೆಯ ಕಣ್ಣುಗಳಲ್ಲಿ ಹಳದಿ ಕಲಸಿಹೋಗಿದ್ದರೆ, ಹಿಂರೆಕ್ಕೆಯವು ಬೂದು ಬಳೆಯ ನಡುವೆ ಕಪ್ಪು, ಅದರೊಳಗೆ ಮಿನುಗುವ ನೀಲಿ. ಮರದ ಪೊಟರೆ, ಅಟ್ಟ, ಶೆಡ್ಡುಗಳಲ್ಲಿ ಚಳಿಗಾಲವಿಡೀ ಚಿಟ್ಟೆಯಾಗಿಯೇ ಮುದುಡಿ ಕುಳಿತಿರುವ ಇದಕ್ಕೆ, ಮೈ ಬಿಸಿಯಾಗದೆ ಹಾರಲು ಬಾರದು. ಅಡಗಿದ್ದು ಪತ್ತೆಯಾದರೆ ಉಳಿಯುವ ಉಪಾಯ ಹೆದರಿಸುವುದೊಂದೇ.

ಅದು ಬರಿಯ ತೋರಿಕೆಯಲ್ಲ. ಸ್ವೀಡನ್ನಿನಲ್ಲೇ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ಚಿಟ್ಟೆಗಳನ್ನು ಬ್ಲೂ ಟಿಟ್ ಹಕ್ಕಿಗಳ ಮುಂದೆ ಬಿಟ್ಟಾಗ, ಕಣ್ಣುಗಳನ್ನು ಬಣ್ಣ ಬಳಿದು ಮರೆಸಿದ್ದ 20 ಚಿಟ್ಟೆಗಳಲ್ಲಿ 13 ಸತ್ತವು. ಕಣ್ಣುಗಳಿದ್ದ 34ರಲ್ಲಿ ಸತ್ತದ್ದು ಒಂದೇ ಒಂದು. ನಾವು ಅಲಂಕಾರವೆಂದು ಮೆಚ್ಚುವ ಬಣ್ಣ ಹಕ್ಕಿಯ ಪಾಲಿಗೆ ಬೆದರಿಕೆ.

ಇದೇ ಊರಿನಲ್ಲಿ ಪ್ರಾಧ್ಯಾಪಕರಾಗಿದ್ದ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಇದಕ್ಕೆ ಗ್ರೀಕ್ ಪುರಾಣದ ‘ಇಯೋ’ ಎಂಬವಳ ಹೆಸರಿಟ್ಟರು. ಅವಳನ್ನು ಕಾವಲು ಕಾದ ನೂರುಗಣ್ಣಿನ ಆರ್ಗಸ್ ಸತ್ತ ಮೇಲೆ, ಹೀರಾ ದೇವಿ ಅವನ ಕಣ್ಣುಗಳನ್ನು ನವಿಲಿನ ಗರಿಗೆ ಇಟ್ಟಳಂತೆ. ನಮ್ಮಲ್ಲಿ ರಾವಣನಿಗೆ ಹೆದರಿ ನವಿಲಾಗಿ ಅಡಗಿದ್ದ ಇಂದ್ರ, ಅಪಾಯ ಕಳೆದ ಮೇಲೆ ತನ್ನ ಸಾವಿರ ಕಣ್ಣುಗಳನ್ನು ಆ ಹಕ್ಕಿಗೆ ವರವಾಗಿ ಕೊಟ್ಟ. ಶೆಡ್ಡಿನ ಈ ಜೀವಕ್ಕೆ ಇಂದ್ರನ ಕಥೆಯೇ ಹೆಚ್ಚು ಒಪ್ಪುತ್ತದೆಂದು ನನಗನ್ನಿಸಿತು: ಅದರಲ್ಲೂ ಮೊದಲು ಅಡಗುವುದು, ಕಣ್ಣು ಆಮೇಲೆ.

ಹನ್ನೊಂದರ ಹೊತ್ತಿಗೆ ಬಿಸಿಲು ಹೊಸ್ತಿಲು ದಾಟಿತು. ಚಿಟ್ಟೆ ನಿಧಾನವಾಗಿ ಬೆಳಕಿಗೆ ತೆವಳಿ, ರೆಕ್ಕೆ ನಡುಗಿಸಿ ಮೈ ಕಾಯಿಸಿಕೊಂಡು, ಬೇಲಿಯತ್ತ ಹಾರಿಹೋಯಿತು. ಅಲ್ಲಿ ತುರಚೆ ಗಿಡಗಳು ಚಿಗುರುತ್ತಿವೆ. ಅದು ನೂರಾರು ಮೊಟ್ಟೆಗಳನ್ನು ಒಂದೇ ರಾಶಿಯಾಗಿ ಇಡುವುದು ತುರಚೆ ಎಲೆಯ ಅಡಿಯಲ್ಲೇ. ಕರಿಯ ಮುಳ್ಳುಮೈಯ ಮರಿಹುಳುಗಳಿಗೆ ಮೇವೂ ಅದೇ. ಮುಂದಿನ ವಾರ ಆ ಗಿಡಗಳನ್ನು ಸವರಿಹಾಕಲೆಂದು ತಂದಿಟ್ಟಿದ್ದ ಕುಡುಗೋಲನ್ನು ಮತ್ತೆ ಮೊಳೆಗೆ ತೂಗುಹಾಕಿದೆ. ಕಟ್ಟಿಗೆ ಇನ್ನೂ ಹಾಗೆಯೇ ಬಿದ್ದಿದೆ.