ಬೋದ್ರುಮ್‌ನವರು ಲಂಡನ್ನಲ್ಲಿ, ನಮ್ಮವರು ಬಿಜಾಪುರದಲ್ಲಿ

ಹೋದ ಶನಿವಾರ ಪಕ್ಕದ್ಮನೆ ಅಜ್ಜಿ ಜೊತೆ ಬ್ರಿಟಿಷ್ ಮ್ಯೂಸಿಯಂಗೆ ಹೋಗಿದ್ವಿ. ಅವರು ಟರ್ಕಿಯ ಬೋದ್ರುಮ್‌ನವರು. 21ನೇ ರೂಮಲ್ಲಿ ಮೂರು ಮೀಟರ್ ಎತ್ತರದ ಒಂದು ಅಮೃತಶಿಲೆ ಮೂರ್ತಿ ಇದೆ, ಉದ್ದ ಕೂದಲು, ಗಡ್ಡ, ಮೈತುಂಬಾ ಹೊದ್ದ ಬಟ್ಟೆಯ ಮಡಿಕೆಗಳು. ಅದರ ಮುಂದೆ ನಿಂತು ಅಜ್ಜಿ ನನ್ನ ಮಗಳಿಗೆ "ಇವರು ನಮ್ಮೂರವರು" ಅಂದ್ರು. ಅವಳು ತಕ್ಷಣ "ಅಜ್ಜಿ, ಇವರಿಗೆ ವೀಸಾ ಯಾರು ಕೊಟ್ರು?" ಅಂತ ಕೇಳಿಬಿಟ್ಟಳು. ವೀಸಾ ರಿನ್ಯೂವಲ್ ಮಾತು ನಮ್ಮನೇಲಿ ದಿನಾ ನಡೆಯುತ್ತಲ್ಲ, ಅದಕ್ಕೇ ಕೇಳಿದ್ದು. ಅಜ್ಜಿ ನಗಲಿಲ್ಲ. "ಇವರನ್ನ ಬರ್ತೀರಾ ಅಂತ ಯಾರೂ ಕೇಳ್ಲಿಲ್ಲ ಮಗಳೇ" ಅಂದ್ರು.

ಬೋದ್ರುಮ್ ಅಂದ್ರೆ ಹಳೇ ಹಾಲಿಕಾರ್ನಾಸಸ್. ಅಲ್ಲಿ ಆಳ್ತಿದ್ದ ಮೌಸೋಲಸ್ ಕ್ರಿ.ಪೂ. 353ರಲ್ಲಿ ತೀರಿಕೊಂಡ, ಅವನ ಹೆಂಡತಿ ಆರ್ಟೆಮಿಸಿಯಾ (ತಂಗಿಯೂ ಅವಳೇ, ಅವರ ಮನೆತನದ ಪದ್ಧತಿ ಹಾಗಿತ್ತು) ಅವನ ಗೋರಿ ಕೆಲಸ (ಈ ಮೂರ್ತಿ ಆ ಗೋರಿಯದ್ದೇ) ಮುಂದುವರಿಸಿದಳು, ಎರಡು ವರ್ಷಕ್ಕೆ ಅವಳೂ ಹೋದಳು. ಆಗಲೂ ಶಿಲ್ಪಿಗಳು ಕೆಲಸ ಬಿಟ್ಟು ಹೋಗ್ಲಿಲ್ವಂತೆ, ಇದು ನಮ್ಮ ಕಲೆಯ ಹೆಸರಿನ ಪ್ರಶ್ನೆ ಅಂತ ಮುಗಿಸೇ ಹೋದ್ರು ಅಂತ ರೋಮಿನ ಪ್ಲಿನಿ ಬರೆದಿದ್ದಾನೆ. ನಂಗೆ ಈ ಇಡೀ ಕಥೇಲಿ ತುಂಬಾ ಇಷ್ಟವಾಗೋದು ಅದೇ. 36 ಕಂಬ, ಮೇಲೆ 24 ಮೆಟ್ಟಿಲಿನ ಪಿರಮಿಡ್, ತುತ್ತತುದೀಲಿ ನಾಲ್ಕು ಕುದುರೆಯ ರಥ. ಆ ರಥದ ಕುದುರೆ ಒಂದರ ಮುಂಭಾಗ ಇಲ್ಲಿದೆ, ಬಾಯಲ್ಲಿ ಕಂಚಿನ ಕಡಿವಾಣ ಇನ್ನೂ ಹಾಗೇ ಇದೆ.

ಭೂಕಂಪಕ್ಕೆ ಗೋರಿ ಬಿತ್ತು. ಆಮೇಲೆ ಕ್ರೈಸ್ತ ನೈಟ್‌ಗಳು, ಅಂದ್ರೆ ಧರ್ಮಯೋಧರು, ಅದರ ಕಲ್ಲು ಕಿತ್ತು ತಮ್ಮ ಕೋಟೆ ಕಟ್ಟಿದ್ರು, ಅಮೃತಶಿಲೆ ಸುಟ್ಟು ಸುಣ್ಣ ಮಾಡಿದ್ರು. ಕೋಟೆ ಗೋಡೇಲಿದ್ದ ಯುದ್ಧದ ಉಬ್ಬುಶಿಲ್ಪಗಳು ಟರ್ಕಿ ಸುಲ್ತಾನನ ಅನುಮತಿ ಮೇಲೆ 1846ರಲ್ಲಿ ಲಂಡನ್ನಿಗೆ ಬಂದವು, ಬ್ರಿಟಿಷ್ ಪುರಾತತ್ವಜ್ಞ ಚಾರ್ಲ್ಸ್ ನ್ಯೂಟನ್ 1856ರಿಂದ ಅಗೆದು ಉಳಿದಿದ್ದನ್ನ ತಂದ. ಬ್ರಿಟಿಷರು ತರದಿದ್ರೆ ಅದೂ ಉಳೀತಿರಲಿಲ್ಲ ಅನ್ನೋರಿದ್ದಾರೆ, ಸ್ವಲ್ಪ ನಿಜಾನೂ ಇರಬಹುದು. ಆದ್ರೆ ಅಜ್ಜಿ ಮುಖ ನೋಡ್ತಾ ಆ ಮಾತು ಹೇಳೋಕೆ ನನಗಂತೂ ಬಾಯಿ ಬರಲ್ಲ. ಅವರೂರಲ್ಲಿ ಒಂದು ಕಥೆ ಹೇಳ್ತಾರಂತೆ, ಅಲ್ಲಿಯ ಬರಹಗಾರರೊಬ್ಬರು "ಈ ಶಿಲ್ಪಗಳು ಬೋದ್ರುಮ್‌ನ ನೀಲಿ ಆಕಾಶದ ಕೆಳಗಿರಬೇಕು" ಅಂತ ಮ್ಯೂಸಿಯಂಗೆ ಕಾಗದ ಬರೆದ್ರೆ, ಗೋಡೆಗೆ ನೀಲಿ ಬಣ್ಣ ಹೊಡೆಸಿದ್ದೀವಿ ಅಂತ ಉತ್ತರ ಬಂತಂತೆ. ಊರಲ್ಲಿ ಈಗ ಉಳಿದಿರೋದು ಒಂದು ದೊಡ್ಡ ಗುಂಡಿ, ಅದರಲ್ಲಿ ಮುರಿದ ಕಂಬದ ತುಂಡುಗಳು.

"ನಿಮ್ಮೂರಲ್ಲೂ ದೊಡ್ಡ ಗೋರಿ ಇದೆ ಅಂದಿದ್ಯಲ್ಲ, ಅದರಲ್ಲಿ ಏನೇನು ಉಳಿದಿದೆ?" ಅಂತ ಬಸ್ಸಲ್ಲಿ ಕೇಳಿದ್ರು. ಪೂರ್ತಿ ನಿಂತಿದೆ ಅಂದೆ. ಹೇಳುವಾಗ ಎದೆ ಉಬ್ಬಿತು ನಿಜ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾ ಇವತ್ತಿಗೂ ತನ್ನ ಮನೆಯವರ ಜೊತೆ ತಾನು ಕಟ್ಟಿಸಿದ ಗೋಳಗುಮ್ಮಟದ ಕೆಳಗೇ ಇದ್ದಾನೆ, ಯಾರೂ ಎಲ್ಲಿಗೂ ಸಾಗಿಸಿಲ್ಲ.

ಆದ್ರೆ ಸ್ಕೂಲ್ ಟ್ರಿಪ್‌ಗಳಲ್ಲಿ ನಾವು ಮಾಡ್ತಿದ್ದಿದ್ದೇನು? ಮೇಲಿನ ಗ್ಯಾಲರಿ ಹತ್ತೋದು, ಕೂಗೋದು, ಏಳು ಸಲ ಪ್ರತಿಧ್ವನಿ ಬಂತಾ ಅಂತ ಎಣಿಸೋದು, ಇಳಿದು ಬರೋದು. ಎದುರಿಗೇ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ, ಸುತ್ತಲಿನ ಊರುಗಳ ಶಿಲ್ಪ, ಶಾಸನ ಎಲ್ಲಾ ಅಲ್ಲಿವೆ, ಮೇಷ್ಟ್ರು ಒಳಗೆ ಕರ್ಕೊಂಡು ಹೋಗಿದ್ದು ನೆನಪಿಲ್ಲ. ಅಜ್ಜಿ ತಮ್ಮೂರಿನ ಒಂದು ಕಲ್ಲು ನೋಡೋಕೆ ಇಷ್ಟು ದೂರದ ದೇಶದಲ್ಲಿ ಕ್ಯೂ ನಿಲ್ತಾರೆ, ನಮ್ಮ ಹಳ್ಳೀಲಿ ವೀರಗಲ್ಲಿನ ಮೇಲೆ ಇನ್ನೂ ಬಟ್ಟೆ ಒಗೀತಾರೆ. ರಾತ್ರಿ ಅಣ್ಣನಿಗೆ ಫೋನ್ ಮಾಡಿ ಅದನ್ನ ಎತ್ತಿ ಗುಡಿ ಕಟ್ಟೆ ಪಕ್ಕ ನಿಲ್ಲಿಸೋಣ, ಖರ್ಚು ನಾನು ಕೊಡ್ತೀನಿ ಅಂದೆ. ಪಂಚಾಯ್ತೀಲಿ ಮಾತಾಡ್ತೀನಿ ಅಂದಿದ್ದಾನೆ.